ಮೈಸೂರು ಸೀಮೆಯಲ್ಲಿ ಆರ್ಥರ್ ವೆಲ್ಲೆಸ್ಲಿ

ಆರ್ಥರ್ ವೆಲ್ಲೆಸ್ಲಿ (1769–1852) ಬ್ರಿಟನ್ನಿನ ಸೇನಾಧಿಪತಿ ಹಾಗೂ ರಾಜಕಾರಣಿ. ವಾಟರ್‌ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಮೊದಲನೆಯ ವೆಲಿಂಗ್ಟನ್ ಡ್ಯೂಕ್ ಎಂದೇ ಈತನು ಪ್ರಸಿದ್ಧನು. ಈತನ ಸಾರ್ವಜನಿಕ ಜೀವನದ ಮೊದಲ ಮುಖ್ಯ ಹುದ್ದೆ ದೊರೆತದ್ದು ಶ್ರೀರಂಗಪಟ್ಟಣದಲ್ಲಿ. 1799ರಿಂದ 1803ರವರೆಗೆ ಮೈಸೂರು ಸೀಮೆಯಲ್ಲಿದ್ದ ಕಂಪನಿ ಸೇನೆ ಈತನ ಅಧೀನದಲ್ಲಿತ್ತು. ಇಂದಿನ ಹಾಸನ ಜಿಲ್ಲೆಯ ಬಲಂ ಪಾಳೆಯಪಟ್ಟು ಕೊನೆಗೊಂಡದ್ದು ಇದೇ ಅವಧಿಯಲ್ಲಿ.

ಮನೆತನ

ವೆಲ್ಲೆಸ್ಲಿಯು ಐರ್ಲೆಂಡಿನಲ್ಲಿ ನೆಲೆಸಿದ್ದ ಇಂಗ್ಲಿಷ್ ಮೂಲದ ಕುಲೀನ ಮನೆತನದವನು. ತಂದೆ ಗ್ಯಾರೆಟ್ ವೆಸ್ಲಿ ಮಾರ್ನಿಂಗ್ಟನ್‌ನ ಮೊದಲನೆಯ ಅರ್ಲ್. ಮನೆತನದ ಹೆಸರು ವೆಲ್ಲೆಸ್ಲಿ ಎಂದು ಬದಲಾದದ್ದು 1798ರಲ್ಲಿ. ಆ ಕಾಲದ ಪದ್ಧತಿಯಂತೆ ಪದವಿಯೂ ಆಸ್ತಿಯೂ ಹಿರಿಯ ಮಗ ರಿಚರ್ಡನಿಗೆ ಸಂದವು. ಕಿರಿಯ ಮಕ್ಕಳಿಗೆ ಸೈನ್ಯ, ಚರ್ಚು ಇಲ್ಲವೇ ಸರ್ಕಾರಿ ಚಾಕರಿಯೇ ಗತಿ. ಸೈನ್ಯದ ಹುದ್ದೆಗಳನ್ನು ಹಣ ಕೊಟ್ಟು ಕೊಳ್ಳಬಹುದಾಗಿತ್ತು. ಆರ್ಥರನು ಅಣ್ಣನಿಂದ ಸಾಲ ಪಡೆದು 1793ರಲ್ಲಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲೇ, 33ನೆಯ ಕಾಲಾಳು ರೆಜಿಮೆಂಟಿನ ಲೆಫ್ಟಿನೆಂಟ್ ಕರ್ನಲ್ ಆದನು. 1797ರಲ್ಲಿ ಆ ರೆಜಿಮೆಂಟಿನೊಡನೆ ಕಲ್ಕತ್ತೆಗೆ ಬಂದಿಳಿದನು. ಮರುವರ್ಷ ಅಣ್ಣ ರಿಚರ್ಡನೇ ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದನು.

ನಾಲ್ಕನೆಯ ಮೈಸೂರು ಯುದ್ಧ

1799ರ ದಂಡಯಾತ್ರೆಯಲ್ಲಿ ನಿಜಾಮನ ಪಡೆಯ ಹೊಣೆಯನ್ನು ಆರ್ಥರನಿಗೆ ಒಪ್ಪಿಸಲಾಯಿತು. ಅವನಿಗಿಂತ ಹಿರಿಯನಾದ ಡೇವಿಡ್ ಬೇರ್ಡ್ ಇದರಿಂದ ಅಸಮಾಧಾನಗೊಂಡನು. ಏಪ್ರಿಲ್ 5ರ ರಾತ್ರಿ ಸುಲ್ತಾನ್‌ಪೇಟೆಯ ತೋಪಿನ ಮೇಲೆ ವೆಲ್ಲೆಸ್ಲಿ ನಡೆಸಿದ ದಾಳಿ ಕತ್ತಲಲ್ಲಿ ದಿಕ್ಕು ತಪ್ಪಿ ವಿಫಲವಾಯಿತು. ಟಿಪ್ಪು ಸುಲ್ತಾನನು ಮಡಿದ ಮೇ 4ರಂದು ಕೋಟೆಗೆ ಲಗ್ಗೆ ಹಾಕಿದ ದಳವನ್ನು ಮುನ್ನಡೆಸಿದವನು ಬೇರ್ಡ್. ಇದೇ ಪಟ್ಟಣದಲ್ಲಿ ಮೂರು ವರ್ಷಕ್ಕೂ ಮಿಕ್ಕು ಸೆರೆಯಲ್ಲಿದ್ದವನೂ ಆತನೇ. ವೆಲ್ಲೆಸ್ಲಿ ಆ ದಿನ ಮೀಸಲು ಪಡೆಯೊಡನೆ ಹಿಂದೆ ಉಳಿದಿದ್ದನು. ಆದರೂ ಕೋಟೆಯ ಅಧಿಕಾರ ದೊರೆತದ್ದು ವೆಲ್ಲೆಸ್ಲಿಗೆ. ಈ ಅನ್ಯಾಯವನ್ನು ಬೇರ್ಡ್ ಎಂದೂ ಮರೆಯಲಿಲ್ಲ. ಕೊಳ್ಳೆ ಹೊಡೆಯುತ್ತಿದ್ದ ಕೆಲವು ಸೈನಿಕರನ್ನು ಗಲ್ಲಿಗೇರಿಸಿ ವೆಲ್ಲೆಸ್ಲಿಯು ಪಟ್ಟಣದಲ್ಲಿ ಶಿಸ್ತು ತಂದನೆಂಬುದೂ ನಿಜ.

ಗೆದ್ದ ರಾಜ್ಯದ ವ್ಯವಸ್ಥೆಗೆ ನೇಮಕವಾದ ಐವರ ಆಯೋಗದಲ್ಲಿ ಇಬ್ಬರು, ಆರ್ಥರ್ ಮತ್ತು ಹೆನ್ರಿ, ಗವರ್ನರ್ ಜನರಲ್‌ನ ಸ್ವಂತ ತಮ್ಮಂದಿರು. ರಿಚರ್ಡನಿಗೆ ಮಾರ್ಕ್ವಿಸ್ ಪದವಿಯೂ ಕಂಪನಿಯಿಂದ ವರ್ಷಕ್ಕೆ 5,000 ಪೌಂಡುಗಳ ವರ್ಷಾಶನವೂ ಲಭಿಸಿದವು. ಆರ್ಥರನ ಪಾಲಿಗೆ ಬಂದ ಲೂಟಿಯ ಹಣ ಸುಮಾರು 4,000 ಪೌಂಡು. ಅದರಿಂದ ಅಣ್ಣನ ಹಳೆಯ ಸಾಲ ತೀರಿಸಲು ಅವನು ಮುಂದಾದರೂ ಅಣ್ಣ ಒಪ್ಪಲಿಲ್ಲ.

ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕಟ್ಟಿ ಪೂರ್ಣಯ್ಯನವರನ್ನು ದಿವಾನರನ್ನಾಗಿ ನೇಮಿಸಲಾಯಿತು. ವೆಲ್ಲೆಸ್ಲಿ ಟಿಪ್ಪುವಿನ ಬೇಸಗೆಯ ಅರಮನೆಯಾದ ದರಿಯಾ ದೌಲತ್ ಬಾಗ್‌ನಲ್ಲಿ ವಾಸವಾಗಿದ್ದನು. ಪೂರ್ಣಯ್ಯನವರಿಗೂ ಅವನಿಗೂ ಒಳ್ಳೆಯ ಹೊಂದಾಣಿಕೆಯಿತ್ತು. 1800ರಲ್ಲಿ ಬಂಡೆದ್ದ ಚನ್ನಗಿರಿಯ ಧೋಂಡಿಯ ವಾಘನನ್ನು ವೆಲ್ಲೆಸ್ಲಿ ತಿಂಗಳುಗಟ್ಟಲೆ ಬೆನ್ನಟ್ಟಿದನು. ಧೋಂಡಿಯನು ಸೆಪ್ಟೆಂಬರ್ 10ರಂದು ಕೋಣಗಲ್ಲಿನಲ್ಲಿ ಹತನಾದನು. ಅಲ್ಲಿ ಸಿಕ್ಕ ಧೋಂಡಿಯನ ಪುಟ್ಟ ಮಗ ಸಲಾಬತ್ ಖಾನನ ಪೋಷಣೆಯ ವೆಚ್ಚವನ್ನು ವೆಲ್ಲೆಸ್ಲಿ ತಾನೇ ವಹಿಸಿಕೊಂಡನು.

ಬಲಂ ದಂಡಯಾತ್ರೆ

ಇಂದಿನ ಹಾಸನ ಜಿಲ್ಲೆಯ ಪೂರ್ವದಲ್ಲಿ ಹಾರನಹಳ್ಳಿ, ಅರಸೀಕೆರೆಗಳ ಬಯಲುಸೀಮೆ ಇದೆ. ಬೇಲೂರು ದಾಟಿ ಪಶ್ಚಿಮಕ್ಕೆ ಸಾಗಿದರೆ ಮಲೆನಾಡು. ಸಕಲೇಶಪುರದ ಸುತ್ತಲಿನ ಈ ಮಲೆಸೀಮೆಗೆ ಬಲಂ ಎಂದು ಹೆಸರು. ವಿಜಯನಗರದ ಕಾಲದಿಂದ ಬೇಲೂರನ್ನು ಆಳಿದ ನಾಯಕರು, ಬೇಲೂರು ಮೈಸೂರಿನವರ ವಶವಾದ ಬಳಿಕ, ಐಗೂರನ್ನು ಕೇಂದ್ರವಾಗಿಸಿಕೊಂಡು ಇಲ್ಲಿ ಉಳಿದಿದ್ದರು. ಟಿಪ್ಪು ಇವರ ಸೀಮೆಯಲ್ಲಿಯೇ ನಕ್ಷತ್ರಾಕಾರದ ಮಂಜರಾಬಾದ್ ಕೋಟೆಯನ್ನು ಕಟ್ಟಿಸಿದನು. ಟಿಪ್ಪುವಿನ ಮರಣಾನಂತರ ಬಲಂ ಪಾಳೆಯಗಾರನು ಸ್ವತಂತ್ರನಾಗಲು ಯತ್ನಿಸಿದನು. ಇಂಗ್ಲಿಷ್ ಪತ್ರಗಳು ಇವನನ್ನು 'ಬಲಂ ರಾಜ' ಎಂದಷ್ಟೇ ಕರೆಯುತ್ತವೆ. ಇತಿಹಾಸ ಗ್ರಂಥಗಳಲ್ಲಿ ವೆಂಕಟಾದ್ರಿ ನಾಯಕ ಎಂದೂ ಕೃಷ್ಣಪ್ಪ ನಾಯಕ ಎಂದೂ ಎರಡು ಹೆಸರುಗಳು ಕಾಣುತ್ತವೆ.

ಸೀಮೆ ಚಿಕ್ಕದಾದರೂ ಅದರ ಸ್ಥಾನ ಮುಖ್ಯವಾಗಿತ್ತು. ಶ್ರೀರಂಗಪಟ್ಟಣದಿಂದ ಮಂಗಳೂರಿಗೆ ಇಳಿಯುವ ಬಿಸಿಲೆ ಘಾಟಿಯ ದಾರಿ ಪಾಳೆಯಗಾರನ ಹಿಡಿತದಲ್ಲಿತ್ತು. 1800ರ ಏಪ್ರಿಲ್‌ನಲ್ಲಿ ಕರ್ನಲ್ ಮಾಂಟ್ರೆಸರ್ ಅರೆಕೆರೆಯ ಮೇಲೆ ಮೊದಲು ನಡೆಸಿದ ದಾಳಿ ಸೋತಿತು. ತಿಂಗಳ ಕೊನೆಗೆ ಹೆಚ್ಚಿನ ಪಡೆಯೊಡನೆ ಮತ್ತೆ ದಾಳಿಮಾಡಿ ಆತನು ಅದನ್ನು ವಶಪಡಿಸಿಕೊಂಡನು. ಸೈನ್ಯವು ಧೋಂಡಿಯನ ಬೆನ್ನು ಹತ್ತಿದ ಕೂಡಲೇ ಪಾಳೆಯಗಾರನು ಹಿಂದಿರುಗಿ ಬಂದನು. ಅರೆಕೆರೆಯನ್ನು ರಕ್ಷಿಸುತ್ತಿದ್ದುದು ಎತ್ತರದ ಗೋಡೆಗಿಂತ ಹೆಚ್ಚಾಗಿ ದಟ್ಟ ಕಾಡು ಮತ್ತು ಅದರೊಳಗಿನ ತಡೆಬೇಲಿಗಳು.

1802ರ ಜನವರಿ 16ರಂದು ವೆಲ್ಲೆಸ್ಲಿಯ ಪಡೆಯು ಮೂರು ಕಡೆಯಿಂದ ನುಗ್ಗಿ ಅರೆಕೆರೆಯನ್ನು ಗೆದ್ದಿತು. ಪಾಳೆಯಗಾರನು ಕಾಡಿಗೆ ತಪ್ಪಿಸಿಕೊಂಡನು. ಅನಂತರದ ಕೆಲಸ ಯುದ್ಧಕ್ಕಿಂತಲೂ ಕಠೋರವಾಗಿತ್ತು. ಕಾಡನ್ನು ಕಡಿದು ಅಗಲವಾದ ದಾರಿಗಳನ್ನು ಮಾಡಲಾಯಿತು. ಊರುಗಳ ಕಾವಲುಬೇಲಿಗಳನ್ನು ಕೆಡವಿ ಜನರಿಂದ ಆಯುಧಗಳನ್ನು ಕಿತ್ತುಕೊಳ್ಳಲಾಯಿತು. ಪೂರ್ಣಯ್ಯನವರ ಮೈಸೂರು ಪಡೆಯೂ ಇದರಲ್ಲಿ ಪಾಲುಗೊಂಡಿತು. ಫೆಬ್ರವರಿ 9ರಂದು ಸೆರೆಸಿಕ್ಕ ಪಾಳೆಯಗಾರನನ್ನು ಮರುದಿನವೇ ಗಲ್ಲಿಗೇರಿಸಲಾಯಿತು. ಒಬ್ಬ ದಂಗೆಕೋರನ ಮಗನಿಗೆ ಆಶ್ರಯವಿತ್ತ ಅಧಿಕಾರಿಯ ಅಧೀನದಲ್ಲೇ, ಶತಮಾನಗಳ ಮನೆತನವೊಂದರ ಒಡೆಯನ ವಿಚಾರಣೆಗೆ ಒಂದು ದಿನಕ್ಕಿಂತ ಹೆಚ್ಚು ಕಾಲ ಸಿಗಲಿಲ್ಲ. ಡ್ಯೂಕನ ಇಂಗ್ಲಿಷ್ ಜೀವನಚರಿತ್ರೆಗಳು ಅಸ್ಸಾಯೆ, ವಾಟರ್‌ಲೂಗಳತ್ತ ಧಾವಿಸುವ ಭರದಲ್ಲಿ ಈ ಪ್ರಕರಣವನ್ನು ಸಾಮಾನ್ಯವಾಗಿ ಕೆಲವೇ ವಾಕ್ಯಗಳಲ್ಲಿ ಮುಗಿಸುತ್ತವೆ.

ನಂತರದ ಜೀವನ

1803ರಲ್ಲಿ ಮರಾಠರ ಮೇಲಿನ ಯುದ್ಧಕ್ಕೆ ತೆರಳಿದ ವೆಲ್ಲೆಸ್ಲಿ ಸೆಪ್ಟೆಂಬರ್ 23ರಂದು ಅಸ್ಸಾಯೆಯಲ್ಲಿ ಜಯ ಗಳಿಸಿ, 1805ರಲ್ಲಿ ಸ್ವದೇಶಕ್ಕೆ ಮರಳಿದನು. 1814ರಲ್ಲಿ ಡ್ಯೂಕ್ ಪದವಿ ಪಡೆದನು. 1828ರಿಂದ 1830ರವರೆಗೆ ಬ್ರಿಟನ್ನಿನ ಪ್ರಧಾನಮಂತ್ರಿಯಾಗಿದ್ದನು. ಹೀಗೆ ಆಸ್ತಿಯಿಲ್ಲದ ಕಿರಿಯ ಮಗನ ಪದವಿಯು ಅರ್ಲ್ ಮನೆತನದ ಹಿರಿಯನ ಪದವಿಯನ್ನು ಮೀರಿಸಿತು.

ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯನವರ ಮೇಲ್ವಿಚಾರಣೆಯಲ್ಲಿ 1804ರಲ್ಲಿ ಕಟ್ಟಲಾದ ಕಲ್ಲಿನ ವೆಲ್ಲೆಸ್ಲಿ ಸೇತುವೆಯು ಆರ್ಥರನ ಸ್ಮಾರಕವೆಂದು ಭಾವಿಸುವವರುಂಟು. ಆ ಹೆಸರು ಗವರ್ನರ್ ಜನರಲ್ ರಿಚರ್ಡನದು.