ಕಬ್ಬನ್ ಪಾರ್ಕಿನ ಪ್ರತಿಮೆಗಳೂ ನಮ್ಮ ಶಾಲೆಯ ಕಲ್ಲೂ

ನಮ್ಮ ಹೈಸ್ಕೂಲಿನಿಂದ ಬೆಂಗಳೂರಿಗೆ ಪ್ರವಾಸ ಹೋದವರ ನೆನಪಿನ ಪಟ್ಟಿ ಯಾವ ಬ್ಯಾಚಿನವರನ್ನು ಕೇಳಿದರೂ ಹೆಚ್ಚುಕಡಿಮೆ ಒಂದೇ. ವಿಧಾನಸೌಧದ ಮುಂದೆ ಸಾಲಾಗಿ ನಿಂತು ಫೋಟೊ, ವಿಶ್ವೇಶ್ವರಯ್ಯ ಮ್ಯೂಸಿಯಂ, ಕಬ್ಬನ್ ಪಾರ್ಕಿನ ಪುಟಾಣಿ ರೈಲು, ಕೊನೆಗೆ ಲಾಲ್‌ಬಾಗ್. ಈ ಸುತ್ತಿನಲ್ಲಿ ನಾವು ಎಷ್ಟೋ ಪ್ರತಿಮೆಗಳ ಮುಂದೆ ಹಾದುಹೋಗಿದ್ದೇವೆ. ಅವು ಯಾರವು, ಯಾರು ನಿಲ್ಲಿಸಿದರು, ಯಾಕೆ ಅಲ್ಲೇ ನಿಲ್ಲಿಸಿದರು ಎಂದು ಕೇಳುವಷ್ಟು ಪುರುಸೊತ್ತು ಆಗ ಇರಲಿಲ್ಲ. ಕೆಲಸಕ್ಕೆಂದು ಬೆಂಗಳೂರು ಸೇರಿದ ಮೇಲೆ, ಭಾನುವಾರ ಬೆಳಿಗ್ಗೆ ಅದೇ ಜಾಗಗಳನ್ನು ನಿಧಾನವಾಗಿ ನಡೆದು ನೋಡುವುದು ನನಗೆ ಅಭ್ಯಾಸವಾಯಿತು.

ಅದನ್ನು ಇಲ್ಲಿ ಬರೆಯಲು ಒಂದು ಕಾರಣವಿದೆ. ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಅಂಗಳದಲ್ಲಿ ಒಂದು ಪ್ರತಿಮೆ ನಿಲ್ಲಿಸಬೇಕೆಂಬ ಮಾತು ಹಳೆಯ ವಿದ್ಯಾರ್ಥಿಗಳಲ್ಲಿ ನಡೆದಿದೆ. ಯಾರ ಪ್ರತಿಮೆ ಎಂಬ ವಿಷಯದಲ್ಲಿ ಇನ್ನೂ ಒಮ್ಮತ ಬಂದಿಲ್ಲ. ತೀರ್ಮಾನಕ್ಕೆ ಮುಂಚೆ, ನೂರೈವತ್ತು ವರ್ಷಗಳಿಂದ ಪ್ರತಿಮೆಗಳನ್ನು ನಿಲ್ಲಿಸುತ್ತಲೂ ಸರಿಸುತ್ತಲೂ ಬಂದಿರುವ ಬೆಂಗಳೂರಿನ ಆ ಒಂದು ಭಾಗವನ್ನು ಎಲ್ಲರೂ ಸೇರಿ ಒಮ್ಮೆ ನೋಡಿ ಬರೋಣ ಎಂಬುದು ನನ್ನ ಆಸೆ.

ದಂಡು ಮತ್ತು ಪೇಟೆಯ ನಡುವೆ

ಕಬ್ಬನ್ ಪಾರ್ಕನ್ನು ರೂಪಿಸಿದವರು ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ರಿಚರ್ಡ್ ಸ್ಯಾಂಕಿ, 1870ರಲ್ಲಿ. ಆಗ ಇದ್ದದ್ದು ಎರಡು ಬೆಂಗಳೂರು. ಪಶ್ಚಿಮಕ್ಕೆ ಕೆಂಪೇಗೌಡರ ಪೇಟೆ, ಪೂರ್ವಕ್ಕೆ ಬ್ರಿಟಿಷರ ದಂಡು. 1881ರಲ್ಲಿ ಮೈಸೂರು ಸಂಸ್ಥಾನವನ್ನು ಒಡೆಯರಿಗೆ ಹಿಂದಿರುಗಿಸಿದಾಗಲೂ ದಂಡು ಪ್ರದೇಶವನ್ನು ಬ್ರಿಟಿಷರು ತಮ್ಮ ಆಡಳಿತದಲ್ಲೇ ಇಟ್ಟುಕೊಂಡರು. ಎರಡರ ನಡುವೆ ಹರಡಿಕೊಂಡದ್ದು ಈ ಉದ್ಯಾನ. ಹಾಗಾಗಿ ಇಲ್ಲಿ ಯಾರ ಪ್ರತಿಮೆ ಎಲ್ಲಿ ನಿಂತಿತು ಎಂಬುದಕ್ಕೆ ಅರ್ಥವಿದೆ.

ದಂಡಿನ ಕಡೆಯ ಅಂಚಿನಲ್ಲಿ ವಿಕ್ಟೋರಿಯಾ ರಾಣಿಯ ಅಮೃತಶಿಲೆಯ ಪ್ರತಿಮೆ ಇದೆ. ಕೆತ್ತಿದವರು ಥಾಮಸ್ ಬ್ರಾಕ್. ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯ ಮುಂದಿರುವ ವಿಕ್ಟೋರಿಯಾ ಸ್ಮಾರಕವೂ ಅವರದೇ. 1906ರ ಫೆಬ್ರವರಿಯಲ್ಲಿ ಇದನ್ನು ಅನಾವರಣ ಮಾಡಿದ್ದು, ಮುಂದೆ ಐದನೇ ಜಾರ್ಜ್ ಆಗಿ ಪಟ್ಟಕ್ಕೆ ಬಂದ ಯುವರಾಜ. ಅಲ್ಲಿಂದ ಸ್ವಲ್ಪ ದೂರದಲ್ಲಿ ರಾಣಿಯ ಮಗ ಏಳನೇ ಎಡ್ವರ್ಡ್ ನಿಂತಿದ್ದಾನೆ. 1919ರ ಆ ಪ್ರತಿಮೆಯ ಶಿಲ್ಪಿ ಲಿಯೊನಾರ್ಡ್ ಜೆನ್ನಿಂಗ್ಸ್. ಈ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ.

ಉದ್ಯಾನದ ಒಳಗೆ ಕೆಂಪು ಬಣ್ಣದ ಶೇಷಾದ್ರಿ ಅಯ್ಯರ್ ಸ್ಮಾರಕ ಭವನವಿದೆ. ನಾವೆಲ್ಲ ರಾಜ್ಯ ಕೇಂದ್ರ ಗ್ರಂಥಾಲಯ ಎಂದು ಕರೆಯುವುದು ಇದನ್ನೇ. ಅದರ ಮುಂದಿನ ಪ್ರತಿಮೆ 1883ರಿಂದ 1901ರವರೆಗೆ ದಿವಾನರಾಗಿದ್ದ ಕೆ. ಶೇಷಾದ್ರಿ ಅಯ್ಯರ್ ಅವರದು. ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು ಅವರ ಕಾಲದಲ್ಲಿ. ಅವರು ಆರಂಭಿಸಿದ ಶಿವನಸಮುದ್ರದ ವಿದ್ಯುತ್ ಯೋಜನೆ 1902ರಲ್ಲಿ ಕೋಲಾರದ ಚಿನ್ನದ ಗಣಿಗೂ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಕರೆಂಟು ಕೊಟ್ಟಿತು. ಅವರ ಪ್ರತಿಮೆಯನ್ನು 1913ರಲ್ಲಿ ಅನಾವರಣ ಮಾಡಿದವರು ವೈಸ್‌ರಾಯ್ ಹಾರ್ಡಿಂಜ್.

ಇನ್ನು ಚಾಮರಾಜೇಂದ್ರ ಒಡೆಯರು. ಅವರ ಪ್ರತಿಮೆಯೂ ಉದ್ಯಾನದಲ್ಲಿದೆ. 1927ರಲ್ಲಿ ಉದ್ಯಾನಕ್ಕೆ ‘ಶ್ರೀ ಚಾಮರಾಜೇಂದ್ರ ಉದ್ಯಾನ’ ಎಂದು ಅಧಿಕೃತವಾಗಿ ಹೆಸರಿಡಲಾಯಿತು. ಆದರೆ ಆಟೋದವರಿಗೆ ಈ ಹೆಸರು ಹೇಳಿ ನೋಡಿ, ಎಲ್ಲಿಗೆ ಎಂದು ತಿರುಗಿ ಕೇಳುತ್ತಾರೆ. ಜನರ ಬಾಯಲ್ಲಿ ಅದು ಇಂದಿಗೂ ಕಬ್ಬನ್ ಪಾರ್ಕ್. ಸರ್ಕಾರ ಬರೆಯಿಸಿದ ಹೆಸರಿಗೂ ಜನ ಕರೆಯುವ ಹೆಸರಿಗೂ ಇರುವ ಅಂತರ ಇಷ್ಟು.

ಜಾಗ ಬಿಟ್ಟವು, ಜಾಗ ಪಡೆದವು

ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಮಾರ್ಕ್ ಕಬ್ಬನ್ ಆ ಪಾರ್ಕನ್ನು ನೋಡಲೇ ಇಲ್ಲ. 1834ರಿಂದ 1861ರವರೆಗೆ ಮೈಸೂರಿನ ಕಮಿಷನರ್ ಆಗಿದ್ದು, ಊರಿಗೆ ಮರಳುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡವರು ಅವರು. ಕುದುರೆಯ ಮೇಲೆ ಕುಳಿತ ಅವರ ಕಂಚಿನ ಪ್ರತಿಮೆ 1866ರದು. ಶಿಲ್ಪಿ ಕಾರ್ಲೊ ಮರೊಕೆಟ್ಟಿ. ಬಹುಕಾಲ ಅದು ನಿಂತಿದ್ದದ್ದು ಅಠಾರ ಕಚೇರಿಯ, ಎಂದರೆ ಈಗಿನ ಹೈಕೋರ್ಟಿನ, ಆವರಣದಲ್ಲಿ. 2020ರಲ್ಲಿ ಅದನ್ನು ಅಲ್ಲಿಂದ ತೆಗೆದು ಉದ್ಯಾನದ ಒಳಗೆ ತಂದಿಟ್ಟರು. ಕಂಚಿನ ಕುದುರೆಯೂ ಒಂದು ದಿನ ನಡೆಯಬೇಕಾಯಿತು.

ಇದಕ್ಕಿಂತ ದೊಡ್ಡ ಕಥೆ ಕಾರ್ಪೊರೇಷನ್ ಕಚೇರಿಯ ಹತ್ತಿರದ್ದು. ಈಗಿನ ನೃಪತುಂಗ ರಸ್ತೆಗೆ ಮೊದಲು ಸೆನೊಟಾಫ್ ರಸ್ತೆ ಎಂಬ ಹೆಸರಿತ್ತು. ಟಿಪ್ಪು ಸುಲ್ತಾನರ ವಿರುದ್ಧದ ಯುದ್ಧದಲ್ಲಿ, 1791ರ ಮಾರ್ಚಿನಲ್ಲಿ, ಕಾರ್ನ್‌ವಾಲಿಸ್‌ನ ಸೈನ್ಯ ಮೊದಲು ಪೇಟೆಯನ್ನೂ ಆಮೇಲೆ ಕೋಟೆಯನ್ನೂ ಹಿಡಿಯಿತು. ಆ ಮುತ್ತಿಗೆಯಲ್ಲಿ ಸತ್ತ ತಮ್ಮವರ ನೆನಪಿಗೆ ಬ್ರಿಟಿಷರು ಕಟ್ಟಿಸಿದ ಎತ್ತರದ ಸ್ತಂಭ ಅದು. ಕೋಟೆಯನ್ನು ಕಾಯುತ್ತ ಸತ್ತ ಕಿಲ್ಲೇದಾರ ಬಹಾದುರ್ ಖಾನನಿಗಾಗಲಿ ಅವನ ಜೊತೆ ಮಡಿದ ಸೈನಿಕರಿಗಾಗಲಿ ಅದರಲ್ಲಿ ಜಾಗವಿರಲಿಲ್ಲ. ಗೆದ್ದವರು ನಿಲ್ಲಿಸಿದ ಸ್ಮಾರಕ ಗೆದ್ದವರ ಲೆಕ್ಕವನ್ನಷ್ಟೇ ಇಡುತ್ತದೆ. ಕನ್ನಡಿಗರ ಒತ್ತಾಯ ಬೆಳೆದು 1964ರಲ್ಲಿ ಆ ಸ್ತಂಭವನ್ನು ಕೆಡವಿದರು. ರಸ್ತೆಗೆ ರಾಷ್ಟ್ರಕೂಟ ದೊರೆಯ ಹೆಸರು ಬಂತು. ಕಾರ್ಪೊರೇಷನ್ ಕಚೇರಿಯ ಮುಂದೆ ಈಗ ನಿಂತಿರುವುದು ಊರು ಕಟ್ಟಿದ ಕೆಂಪೇಗೌಡರು.

ವಿಧಾನಸೌಧ 1956ರಲ್ಲಿ ಪೂರ್ಣಗೊಂಡ ಮೇಲೆ ಪ್ರತಿಮೆಗಳ ಕೇಂದ್ರ ಅತ್ತ ಸರಿಯಿತು. ಅಂಬೇಡ್ಕರ್, ನೆಹರೂ, ಗಾಂಧೀಜಿ, ಕೆಂಗಲ್ ಹನುಮಂತಯ್ಯ, ದೇವರಾಜ ಅರಸು, ಕನಕದಾಸರು ಹೀಗೆ ಸಾಲು ಬೆಳೆಯಿತು. 2023ರಲ್ಲಿ ಬಸವಣ್ಣ ಮತ್ತು ಕೆಂಪೇಗೌಡರು, 2025ರಲ್ಲಿ ನಾಡದೇವಿ ಭುವನೇಶ್ವರಿ ಸೇರಿಕೊಂಡರು. ನಗರದ ಆಚೆ, ವಿಮಾನ ನಿಲ್ದಾಣದಲ್ಲಿ, ರಾಮ್ ಸುತಾರ್ ರೂಪಿಸಿದ 108 ಅಡಿಯ ಕೆಂಪೇಗೌಡರು 2022ರಿಂದ ನಿಂತಿದ್ದಾರೆ. ರಾಣಿಯ ಕಾಲದಲ್ಲಿ ಸಿಂಹಾಸನಕ್ಕೆ ಇದ್ದ ಜಾಗ ಈಗ ಸಂವಿಧಾನ ಬರೆದವರಿಗೂ ಸಂತರಿಗೂ ಸಿಕ್ಕಿತು ಎಂಬುದು ಸಂತೋಷದ ವಿಷಯ. ಆದರೂ ಒಂದು ಮಾತು ಉಳಿಯುತ್ತದೆ. ಇವರೆಲ್ಲ ಪ್ರತಿಮೆ ಇಲ್ಲದಿದ್ದರೂ ನಾವು ಮರೆಯಲಾರದ ದೊಡ್ಡವರು. ಮರೆತುಹೋಗುವ ಸಾಮಾನ್ಯರಿಗೆ ಏನಿದೆ?

ಹೆಸರಿಲ್ಲದ ಸವಾರ

ಮೊದಲನೆಯ ಮಹಾಯುದ್ಧದಲ್ಲಿ ಮೈಸೂರು ಸಂಸ್ಥಾನದ ಅಶ್ವದಳ ಪ್ಯಾಲೆಸ್ಟೈನ್‌ವರೆಗೆ ಹೋಗಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರದ ಮತ್ತು ಮೈಸೂರಿನ ಸವಾರರು ಈಟಿ ಹಿಡಿದು ಗೆದ್ದರು. ಎದುರಿಗೆ ಇದ್ದದ್ದು ಫಿರಂಗಿ, ಮೆಷಿನ್‌ಗನ್ನು. ಅದರ ನೆನಪಿಗೆ ದೆಹಲಿಯಲ್ಲಿ ನಿಂತದ್ದೇ ತೀನ್ ಮೂರ್ತಿ. ಜೋಧಪುರ, ಹೈದರಾಬಾದ್, ಮೈಸೂರು ಸಂಸ್ಥಾನಗಳ ಪರವಾಗಿ ಮೂವರು ಸೈನಿಕರು. ಅದನ್ನು ಮಾಡಿದವರು ನಮ್ಮ ಕಬ್ಬನ್ ಪಾರ್ಕಿನ ಎಡ್ವರ್ಡ್ ದೊರೆಯನ್ನು ಮಾಡಿದ ಅದೇ ಲಿಯೊನಾರ್ಡ್ ಜೆನ್ನಿಂಗ್ಸ್.

ಒಬ್ಬನೇ ಶಿಲ್ಪಿಯ ಕೈಯಲ್ಲಿ ಎರಡು ಕೆಲಸ. ದೊರೆಯ ಪ್ರತಿಮೆಗೆ ಅವನದೇ ಮುಖ, ಅವನದೇ ಹೆಸರು. ಮೈಸೂರಿನ ಸೈನಿಕನಿಗೆ ಸಂಸ್ಥಾನದ ಹೆಸರು ಮಾತ್ರ. ಬೆಂಗಳೂರಿನ ಜಯಚಾಮರಾಜೇಂದ್ರ ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಪಕ್ಕದಲ್ಲೇ ದಿನವೂ ಸಾವಿರಾರು ವಾಹನ ಓಡಾಡುತ್ತವೆ, ನಿಂತು ನೋಡುವವರು ವಿರಳ.

ಮ್ಯೂಸಿಯಮ್ಮಿನ ನಾಯಿ

ಹಾಗಾದರೆ ಸಾಮಾನ್ಯರಿಗೆ ಕಲ್ಲು ನಿಲ್ಲಿಸುವ ಪದ್ಧತಿ ನಮ್ಮಲ್ಲಿ ಇರಲಿಲ್ಲವೇ? ಇತ್ತು. ಅದಕ್ಕೆ ಸಾಕ್ಷಿ ವಿಕ್ಟೋರಿಯಾ ರಾಣಿಯಿಂದ ಕಾಲ್ನಡಿಗೆಯ ದೂರದಲ್ಲೇ, ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ನಾವು ಪ್ರವಾಸದಲ್ಲಿ ನೋಡಿದ ವಿಶ್ವೇಶ್ವರಯ್ಯ ಮ್ಯೂಸಿಯಂನ ಪಕ್ಕದ ಕೆಂಪು ಕಟ್ಟಡ ಅದು.

ಅಲ್ಲಿರುವ ಆತಕೂರು ಶಾಸನ ಮದ್ದೂರು ತಾಲ್ಲೂಕಿನ ಹಳ್ಳಿಯಿಂದ ಬಂದದ್ದು. ಕಾಲ ಕ್ರಿ.ಶ. 949–50. ರಾಷ್ಟ್ರಕೂಟ ಮೂರನೇ ಕೃಷ್ಣನೂ ಗಂಗರ ಬೂತುಗನೂ ಸೇರಿ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಮಯ. ಆ ಯುದ್ಧದಲ್ಲಿ ಬೂತುಗನ ಕಡೆಯ ಮಣಲೆರ ಎಂಬ ವೀರ ಚೆನ್ನಾಗಿ ಹೋರಾಡಿದ. ಮೆಚ್ಚಿದ ದೊರೆ ಬೇಕಾದ್ದು ಕೇಳು ಎಂದಾಗ, ಅವನು ಊರನ್ನಾಗಲಿ ಹೊನ್ನನ್ನಾಗಲಿ ಕೇಳದೆ, ದೊರೆಯ ಬಳಿ ಇದ್ದ ಕಾಳಿ ಎಂಬ ಬೇಟೆನಾಯಿಯನ್ನು ಕೇಳಿ ಪಡೆದ. ಮುಂದೊಂದು ದಿನ ಆ ನಾಯಿ ದೊಡ್ಡ ಹಂದಿಯೊಂದರ ಮೇಲೆ ಬಿತ್ತು. ನಾಯಿ, ಹಂದಿ ಎರಡೂ ಸತ್ತವು. ಮಣಲೆರ ಆತಕೂರಿನ ದೇವಾಲಯದ ಮುಂದೆ ಕಾಳಿಗೆ ಕಲ್ಲು ನಿಲ್ಲಿಸಿದ. ಹಂದಿಯೊಡನೆ ಕಾದಾಡುವ ನಾಯಿಯ ಚಿತ್ರ ಇಂದಿಗೂ ಆ ಕಲ್ಲಿನ ಮೇಲೆ ಸ್ಪಷ್ಟವಾಗಿದೆ.

ಇಲ್ಲಿ ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಲ್ಲು ನೆಟ್ಟು ಅವರು ಸುಮ್ಮನಾಗಲಿಲ್ಲ. ಅದಕ್ಕಾಗಿ ಭೂಮಿ ಬಿಟ್ಟರು. ಆ ಭೂಮಿಯನ್ನು ಅನುಭವಿಸುವ ಅರ್ಚಕ ಕಲ್ಲಿಗೆ ಪೂಜೆ ಮಾಡದೆ ಊಟ ಮಾಡಿದರೆ, ನಾಯಿ ಮಾಡಿದ ಪಾಪವೆಲ್ಲ ಅವನಿಗೆ ಎಂದು ಬರೆಯಿಸಿದರು. ನಿಲ್ಲಿಸುವುದು ಒಂದು ದಿನದ ಕೆಲಸ, ನೋಡಿಕೊಳ್ಳುವುದು ದಿನದಿನದ ಕೆಲಸ ಎಂಬುದು ಅವರಿಗೆ ಗೊತ್ತಿತ್ತು. ಸಾಫ್ಟ್‌ವೇರಿನಲ್ಲಿರುವ ನನಗೆ ಇದು ಬೇಗ ಅರ್ಥವಾಗುತ್ತದೆ. ನಮ್ಮಲ್ಲೂ ಬರೆದದ್ದಕ್ಕಿಂತ, ಬರೆದದ್ದನ್ನು ವರ್ಷಗಟ್ಟಲೆ ಕಾಪಾಡುವುದಕ್ಕೇ ಹೆಚ್ಚು ಜನ, ಹೆಚ್ಚು ದುಡ್ಡು ಬೇಕು.

ಬೆಂಗಳೂರು ಎಂಬ ಹೆಸರು ನಮಗೆ ಮೊದಲು ಸಿಗುವುದೂ ಇಂಥದೇ ಕಲ್ಲಿನಲ್ಲಿ. ಬೇಗೂರಿನ ನಾಗೇಶ್ವರ ದೇವಾಲಯದ ಬಳಿಯ, ಸುಮಾರು ಕ್ರಿ.ಶ. 890ರ ವೀರಗಲ್ಲು ‘ಬೆಂಗಳೂರು ಕಾಳಗ’ದಲ್ಲಿ ಸತ್ತವರನ್ನು ನೆನೆಯುತ್ತದೆ. ಅದಕ್ಕೂ ಹಳೆಯದು ಹೆಬ್ಬಾಳದ ಕಿತ್ತಯ್ಯನ ಕಲ್ಲು. ಸುಮಾರು ಕ್ರಿ.ಶ. 750ರಲ್ಲಿ ಊರಿನ ಮೇಲೆ ಬಿದ್ದ ಸೈನ್ಯವನ್ನು ಎದುರಿಸಿ ಸತ್ತವನು ಅವನು. ಸಾವಿರದ ಇನ್ನೂರು ವರ್ಷ ಬಾಳಿದ ಆ ಕಲ್ಲು ಇತ್ತೀಚೆಗೆ ಸಿಕ್ಕಿದ್ದು ಚರಂಡಿಗೆ ಮಣ್ಣು ಅಗೆಯುವಾಗ. ಕಲ್ಲು ಗಟ್ಟಿ ಇತ್ತು, ನೋಡಿಕೊಳ್ಳುವವರ ಸಾಲು ಮಧ್ಯೆ ಎಲ್ಲೋ ಕಡಿದುಹೋಗಿತ್ತು. ಸಿಕ್ಕ ಮೇಲೆ ಸ್ಥಳೀಯರೂ ಇತಿಹಾಸಪ್ರಿಯರೂ ಸೇರಿ ಅದನ್ನು ಉಳಿಸಿಕೊಂಡರು.

ಇದಕ್ಕೆ ತಿರುವುಮುರುವಾದ ಉದಾಹರಣೆಯೂ ಬೆಂಗಳೂರಿನಲ್ಲಿದೆ. 1898ರಲ್ಲಿ ನಗರಕ್ಕೆ ಪ್ಲೇಗು ಬಂದು ಮನೆಮನೆ ಖಾಲಿಯಾಯಿತು. ಆ ಕಾಲದ ಭಯಭಕ್ತಿಯಲ್ಲಿ ಜನ ಅಲ್ಲಲ್ಲಿ ಪ್ಲೇಗ್ ಮಾರಮ್ಮನ ಗುಡಿಗಳನ್ನು ಕಟ್ಟಿಕೊಂಡರು. ಅವುಗಳಿಗೆ ಹೆಸರಾಂತ ಶಿಲ್ಪಿಯಿಲ್ಲ, ವೈಸ್‌ರಾಯ್ ಬಂದು ಪರದೆ ಸರಿಸಲಿಲ್ಲ. ಆದರೆ ರೋಗ ಹೋಗಿ ನೂರು ವರ್ಷದ ಮೇಲಾದರೂ ದೀಪ ಉರಿಯುತ್ತಿದೆ. ಸ್ಮಾರಕ ಉಳಿಯುವುದು ಕಲ್ಲಿನ ಗಟ್ಟಿತನದಿಂದ ಅಲ್ಲ, ಅದರ ಮುಂದೆ ಬಂದು ನಿಲ್ಲುವವರಿಂದ.

ನಮ್ಮ ಅಂಗಳಕ್ಕೆ

ಈಗ ನಮ್ಮ ಶಾಲೆಯ ಮಾತಿಗೆ ಬರುತ್ತೇನೆ. ಮೊದಲ ವರ್ಷದ ತರಗತಿಗಳು ದೇವಸ್ಥಾನದ ಜಗಲಿಯ ಮೇಲೆ ನಡೆದವು ಎಂದು ಊರಿನ ಹಿರಿಯರು ಹೇಳುತ್ತಾರೆ. ಜಮೀನು ಬಿಟ್ಟುಕೊಟ್ಟವರು, ಗಾಡಿ ಕಟ್ಟಿಕೊಂಡು ಹೊಳೆಯಿಂದ ಮರಳು ತಂದವರು, ಕಲ್ಲು ಹೊತ್ತ ಹೆಂಗಸರು, ಸಂಬಳ ಬರುವುದು ತಡವಾದರೂ ರಜೆ ಹಾಕದೆ ಪಾಠ ಮಾಡಿದ ಮೇಷ್ಟ್ರುಗಳು, ಗಂಟೆ ಹೊಡೆದ ಜವಾನರು, ಬಿಸಿಯೂಟ ಬಂದ ಮೇಲೆ ಅಡುಗೆ ಮಾಡಿದ ಅಕ್ಕಂದಿರು. ಇವರಲ್ಲಿ ಹಲವರು ಈಗಿಲ್ಲ. ಇರುವವರಿಗೂ ವಯಸ್ಸಾಗಿದೆ. ಕೇಳಿ ಬರೆದುಕೊಳ್ಳುವುದಾದರೆ ಈ ವರ್ಷವೇ ಆಗಬೇಕು, ಮುಂದಿನ ಮಹೋತ್ಸವದ ಹೊತ್ತಿಗೆ ಹೇಳುವವರು ಸಿಗುವುದಿಲ್ಲ.

ಆದ್ದರಿಂದ ಸಮಿತಿಯ ಮುಂದೆ ನನ್ನ ವಿನಂತಿ ಇಷ್ಟು. ಪ್ರತಿಮೆಯ ಬದಲು ನಮ್ಮದೇ ಸೀಮೆಯ ಕಲ್ಲಿನಲ್ಲಿ ಒಂದು ಹೆಸರಿನ ಕಲ್ಲು ನಿಲ್ಲಿಸೋಣ. ಹಣ ಕೊಟ್ಟವರ ಹೆಸರನ್ನು ಮೇಲೆ, ದುಡಿದವರ ಹೆಸರನ್ನು ಕೆಳಗೆ ಎಂದು ಮಾಡದೆ, ಎಲ್ಲ ಹೆಸರುಗಳನ್ನೂ ಒಂದೇ ಅಳತೆಯ ಅಕ್ಷರದಲ್ಲಿ ಕೆತ್ತಿಸೋಣ. ಕೆಳಗೆ ಮುಂದಿನವರಿಗೆ ಒಂದಷ್ಟು ಖಾಲಿ ಜಾಗ ಬಿಡೋಣ. ಸಂಗ್ರಹವಾದ ಹಣದಲ್ಲಿ ಒಂದು ಪಾಲನ್ನು ಶಾಲೆಯ ಹೆಸರಿನಲ್ಲಿ ಠೇವಣಿ ಇಟ್ಟು, ಅದರ ಬಡ್ಡಿಯಲ್ಲಿ ಕಲ್ಲಿನ ಸುತ್ತಲಿನ ಜಾಗದ ಖರ್ಚು ನಡೆಯುವಂತೆ ಮಾಡೋಣ. ಪ್ರತಿ ವರ್ಷ ಶಾಲೆ ಶುರುವಾಗುವ ವಾರ ಹತ್ತನೇ ತರಗತಿಯ ಮಕ್ಕಳು ಕಲ್ಲನ್ನು ತೊಳೆದು, ಹೆಸರುಗಳನ್ನು ಒಮ್ಮೆ ಗಟ್ಟಿಯಾಗಿ ಓದಲಿ. ಆತಕೂರಿನವರಂತೆ ಪಾಪದ ಹೆದರಿಕೆ ಹಾಕುವುದು ಬೇಡ, ಅರ್ಧ ಗಂಟೆಯ ಒಂದು ಪೀರಿಯಡ್ ಸಾಕು.

ಸಮಾಜ ವಿಜ್ಞಾನದ ಶಿಕ್ಷಕರಲ್ಲೂ ಒಂದು ಮಾತು. ನಮ್ಮ ಸುತ್ತಿನ ಹಳ್ಳಿಗಳ ಕೆರೆ ಏರಿ, ಹೊಲದ ಬದು, ಗುಡಿಯ ಹಿಂಭಾಗಗಳಲ್ಲಿ ವೀರಗಲ್ಲು, ಮಾಸ್ತಿಗಲ್ಲುಗಳು ಇರುತ್ತವೆ. ಮಕ್ಕಳ ಕೈಯಲ್ಲಿ ಅವುಗಳ ಫೋಟೊ ತೆಗೆಸಿ, ಇರುವ ಜಾಗವನ್ನು ಒಂದು ಪುಸ್ತಕದಲ್ಲಿ ಬರೆಯಿಸಿಡಿ. ರಸ್ತೆ ಅಗಲವಾಗುವ ದಿನ ಅವುಗಳ ಪರ ಮಾತಾಡಲು ಆ ಪುಸ್ತಕ ಬೇಕಾಗುತ್ತದೆ.

ಇಷ್ಟು ಹೇಳಿದ ಮೇಲೂ ಪ್ರತಿಮೆಯೇ ಆಗಬೇಕು ಎಂದು ಸಭೆ ತೀರ್ಮಾನಿಸಿದರೆ ನನ್ನ ತಕರಾರಿಲ್ಲ, ನನ್ನ ಪಾಲಿನ ಚಂದಾ ಹಾಗೆಯೇ ಇರುತ್ತದೆ. ಅದರ ಪೀಠದ ಹಿಂಬದಿಯಲ್ಲಾದರೂ ಮರಳು ಹೊತ್ತವರ ಹೆಸರಿಗೆ ಜಾಗ ಬಿಡಿ.