ಬಳ್ಳಾರಿಗೆ ಬಂದ ಓಲೆಗಳು

ಬಾದಾಮಿಯಿಂದ ಗದಗಿನ ಮೇಲೆ ಬಳ್ಳಾರಿಗೆ ಹೋಗುವ ನಮ್ಮವರು ಅಲ್ಲಿಯ ಕೋಟೆಯನ್ನು ನೋಡಿ ಬರುತ್ತಾರೆ. ಅದೇ ಊರಿನಲ್ಲಿ 1901–02ರಲ್ಲಿ ದಕ್ಷಿಣ ಆಫ್ರಿಕೆಯ ಬೋಯರ್ ರೈತರು ಬ್ರಿಟಿಷರ ಯುದ್ಧಕೈದಿಗಳಾಗಿದ್ದರೆಂಬುದು ಅನೇಕರಿಗೆ ತಿಳಿಯದು. ಭಾರತದ ಶಿಬಿರಗಳಿಗೆ ಬಂದವರು ಸುಮಾರು 9,000. ಅವರಲ್ಲಿ ಹಲವರ ಹೆಂಡಿರು ಮಕ್ಕಳೂ ಸೆರೆಯಲ್ಲೇ ಇದ್ದರು. ಬ್ರಿಟಿಷ್ ಸೇನೆ ಹೊಲಮನೆ ಸುಟ್ಟು ಅವರನ್ನು ಆಫ್ರಿಕೆಯ ಡೇರೆ ಶಿಬಿರಗಳಿಗೆ ದೂಡಿತ್ತು. ಓಲೆ ಒಂದು ಸೆರೆಯಿಂದ ಹೊರಟು ಇನ್ನೊಂದು ಸೆರೆಯನ್ನು ಸೇರಬೇಕು. ನಡುವೆ ಸೆನ್ಸಾರ್ ಅಧಿಕಾರಿಯ ಕಣ್ಣು, ವಾರಗಟ್ಟಲೆಯ ಕಡಲ ದಾರಿ. ಮಗುವಿಗೆ ದಡಾರವೆಂದು ತಾಯಿ ಬರೆದುದನ್ನು ತಂದೆ ಓದುವ ಹೊತ್ತಿಗೆ ಆ ಮಗು ಉಳಿದಿತ್ತೋ ಇಲ್ಲವೋ! ಅಲ್ಲಿ ಸತ್ತ ಸುಮಾರು 28,000 ಬೋಯರರಲ್ಲಿ ಸುಮಾರು 22,000 ಮಂದಿ ಹದಿನಾರು ತುಂಬದವರು. ಬೇರೆಯಾಗಿಟ್ಟ ಆಫ್ರಿಕನ್ನರ ಶಿಬಿರಗಳ ಸಾವನ್ನಂತೂ ಆಗ ಯಾರೂ ನೆಟ್ಟಗೆ ಎಣಿಸಲಿಲ್ಲ. 1902ರ ಮೇ 31ರಂದು ಒಪ್ಪಂದವಾಯಿತು. ಊರಿಗೆ ಮರಳಲು ಬ್ರಿಟಿಷ್ ದೊರೆಗೆ ನಿಷ್ಠೆಯ ಪ್ರಮಾಣ ಮಾಡಬೇಕಿತ್ತು. ಒಲ್ಲೆವೆಂದ ಕೆಲವರು ಆಮೇಲೂ ಭಾರತದಲ್ಲೇ ಸೆರೆಯಲ್ಲಿ ಉಳಿದರು.