ಕೊಟ್ಟ ಊರು, ಆರಿಸಿದ ಊರು

ಹೋದ ದಸರಾ ರಜೆಯಲ್ಲಿ ತಂಗಿಯ ಮನೆಗೆ ಹೋಗಿದ್ದೆ. ಒಳಗೆ ಕಾಲಿಟ್ಟರೆ ನಡುಮನೆಯ ಚಾಪೆಯ ಮೇಲೆ ಕೆನಡಾ ದೇಶದ ಭೂಪಟ ಹರಡಿತ್ತು. ಅದರ ನಾಲ್ಕು ಮೂಲೆಗೂ ನಾಲ್ಕು ಡಬ್ಬಿ ಇಟ್ಟಿದ್ದರು. ಒಂದರಲ್ಲಿ ಅವಲಕ್ಕಿ, ಒಂದರಲ್ಲಿ ಚಕ್ಕುಲಿ. ತಂಗಿಯ ಮಗಳು ಬಿ.ಎಸ್‌ಸಿ. ನರ್ಸಿಂಗ್ ಮುಗಿಸಿ ನಾಲ್ಕು ವರ್ಷದಿಂದ ಕೆಲಸ ಮಾಡುತ್ತಿರುವವಳು. ಊರಿನ ಏಜೆಂಟರೊಬ್ಬರು ಅವಳಿಗೆ ಟೊರಾಂಟೋ ಹತ್ತಿರದ ಕಾಲೇಜಿನಲ್ಲಿ ಎರಡು ವರ್ಷದ ಬಿಸಿನೆಸ್ ಡಿಪ್ಲೊಮಾ ಗೊತ್ತು ಮಾಡಿ, ಮುಂಗಡವನ್ನೂ ತೆಗೆದುಕೊಂಡಿದ್ದರು. ಅವಳ ಅಪ್ಪ ಇದ್ದೊಂದು ಸೈಟನ್ನು ಅಡವಿಡಲು ತಯಾರಾಗಿದ್ದರು. ಅವಳ ಅಮ್ಮನದು ಒಂದೇ ಮಾತು: "ಬ್ರಾಂಪ್ಟನ್ನಿನಲ್ಲಿ ನಮ್ಮ ಕಡೆಯವರು ಇದ್ದಾರೆ, ಅಲ್ಲಿಗೇ ಹೋಗಲಿ." ಎಲ್ಲರೂ ಮಾತಾಡುತ್ತಿದ್ದರು, ಹೋಗಬೇಕಾದವಳನ್ನು ಬಿಟ್ಟು.

ರಾತ್ರಿ ಪಾತ್ರೆ ತೊಳೆಯುವಾಗ ಅವಳು ಮೆಲ್ಲಗೆ ಕೇಳಿದಳು: "ದೊಡ್ಡಮ್ಮ, ನೀವು ಇಷ್ಟು ವರ್ಷ ಇತಿಹಾಸ ಪಾಠ ಮಾಡಿದ್ದೀರಿ. ಆ ದೇಶಕ್ಕೆ ಮೊದಲು ಹೋದವರು ತಮ್ಮ ಊರನ್ನು ಹೇಗೆ ಆರಿಸಿಕೊಂಡರು?"

ನಾನು ಸುಮ್ಮನಾದೆ. ಅಶೋಕ ಎಲ್ಲೆಲ್ಲಿ ಮರ ನೆಡಿಸಿದ, ಶೇರ್ ಷಾ ಯಾವ ರಸ್ತೆ ಮಾಡಿಸಿದ ಎಂದು ಕೇಳಿದ್ದರೆ ನಿದ್ದೆಗಣ್ಣಿನಲ್ಲೂ ಹೇಳುತ್ತಿದ್ದೆ. ಇದು ನನ್ನ ಪಠ್ಯದಲ್ಲಿ ಇರಲಿಲ್ಲ. ಊರಿಗೆ ಬಂದವಳೇ ಗ್ರಂಥಾಲಯದಲ್ಲಿ ಹುಡುಕಿ, ಮಗನಿಂದ ಕೆಲವು ಪುಸ್ತಕ ತರಿಸಿ ಓದಲು ಕುಳಿತೆ. ಓದುತ್ತಾ ಹೋದಂತೆ ಇದು ಕೆನಡಾದ ಕಥೆಯಷ್ಟೇ ಅಲ್ಲ, ನಮ್ಮೆಲ್ಲರ ಕಥೆಯೂ ಹೌದು ಅನ್ನಿಸಿತು.

ಕೆನಡಾ ನಮ್ಮ ದೇಶದ ಮೂರರಷ್ಟು ದೊಡ್ಡದು. ಅಷ್ಟು ದೊಡ್ಡ ನೆಲಕ್ಕೆ ಜನರನ್ನು ತುಂಬಲು ಅಲ್ಲಿನ ಸರ್ಕಾರ 1872ರಲ್ಲಿ ಒಂದು ಕಾನೂನು ಮಾಡಿತು. ಹತ್ತು ಡಾಲರ್ ಶುಲ್ಕ ಕಟ್ಟಿದರೆ ಪಶ್ಚಿಮದ ಹುಲ್ಲುಗಾವಲು ಸೀಮೆಯಲ್ಲಿ 160 ಎಕರೆ ಭೂಮಿ. ಮೂರು ವರ್ಷ ಅಲ್ಲಿದ್ದು, ಮನೆ ಕಟ್ಟಿ, ಒಂದಿಷ್ಟು ನೆಲ ಉತ್ತು ತೋರಿಸಿದರೆ ಅದು ನಿಮ್ಮದೇ. ಆ ನೆಲ ಖಾಲಿ ಇತ್ತೆಂದು ತಿಳಿಯಬೇಡಿ. ಕ್ರೀ ಮೊದಲಾದ ಮೂಲನಿವಾಸಿಗಳು ತಲೆತಲಾಂತರದಿಂದ ಬಾಳಿದ ನೆಲ ಅದು. 1871ರಿಂದ 1877ರ ಒಳಗೆ ಏಳು ಒಪ್ಪಂದಗಳನ್ನು ಮಾಡಿಕೊಂಡು ಅವರನ್ನು ಸಣ್ಣ ಸಣ್ಣ ಮೀಸಲು ಪ್ರದೇಶಗಳಿಗೆ ಸರಿಸಿದರು. ಒಬ್ಬರು ಊರು ಆರಿಸಿಕೊಳ್ಳಲು ಇನ್ನೊಬ್ಬರು ಊರು ಬಿಡಬೇಕಾಯಿತು ಎನ್ನುವುದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

1896ರಿಂದ 1905ರವರೆಗೆ ಆಂತರಿಕ ವ್ಯವಹಾರಗಳ ಮಂತ್ರಿಯಾಗಿದ್ದ ಕ್ಲಿಫರ್ಡ್ ಸಿಫ್ಟನ್ ಪೂರ್ವ ಯೂರೋಪಿನ ರೈತರನ್ನು ಕರೆಸಿಕೊಂಡ. ಮೊದಲ ಮಹಾಯುದ್ಧ ಶುರುವಾಗುವ ಹೊತ್ತಿಗೆ ಒಂದೂವರೆ ಲಕ್ಷಕ್ಕೂ ಹೆಚ್ಚು ಉಕ್ರೇನಿನ ಜನ ಅಲ್ಲಿಗೆ ಬಂದಿದ್ದರು. ಅವರು ಊರು ಆರಿಸಿದ ರೀತಿ ನನಗೆ ಬಹಳ ಹಿಡಿಸಿತು. ಮರವೇ ಇಲ್ಲದ ಒಳ್ಳೆಯ ಬಯಲು ನೆಲ ಸಿಗುತ್ತಿದ್ದರೂ ಅನೇಕರು ಅದನ್ನು ಬಿಟ್ಟು, ಮರಗಿಡ ಇರುವ ಕಡೆಗೆ ಹೋದರು. ಭೂಮಿ ಸ್ವಲ್ಪ ಕಡಿಮೆಯಾದರೂ ಚಿಂತೆಯಿಲ್ಲ, ಮನೆ ಕಟ್ಟಲು ಮರ ಬೇಕು, ಒಲೆಗೆ ಸೌದೆ ಬೇಕು, ಬೇಲಿಯಾಚೆ ತಮ್ಮ ಭಾಷೆಯವರು ಬೇಕು. ಎಡ್ಮಂಟನ್ನಿನ ಪೂರ್ವಕ್ಕೆ ಹಳ್ಳಿಗೆ ಹಳ್ಳಿಯೇ ಹೀಗೆ ಬೆಳೆಯಿತು. ಅಧಿಕಾರಿಗಳ ಲೆಕ್ಕ ಮಣ್ಣಿನದು. ಆ ಹೆಂಗಸರ ಲೆಕ್ಕ ಒಲೆಯದು. ನನ್ನ ತಂಗಿ ಬ್ರಾಂಪ್ಟನ್ ಎಂದು ಹಟ ಹಿಡಿದದ್ದೂ ಇದೇ ಲೆಕ್ಕದಿಂದ ಎಂದು ಆಗ ಹೊಳೆಯಿತು. ಅವಳ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು.

ಆದರೆ ಆ 160 ಎಕರೆ ಯಾರಿಗೆ? ಹರೆಯಕ್ಕೆ ಬಂದ ಯಾವ ಗಂಡಸಿಗಾದರೂ ಸರಿ. ಹೆಣ್ಣಾದರೆ ಅವಳು ವಿಧವೆಯೋ ಒಂಟಿಯೋ ಆಗಿ, ಸಾಕಬೇಕಾದ ಮಕ್ಕಳಿದ್ದು, ಕುಟುಂಬದ ಯಜಮಾನಿಯಾಗಿರಬೇಕು. ಮದುವೆಯಾಗದ ಹೆಣ್ಣಿಗೆ ಇಲ್ಲ, ಗಂಡನಿರುವ ಹೆಣ್ಣಿಗೂ ಇಲ್ಲ. ಭೂಮಿ ಬೇಕಾದರೆ ಮುತ್ತೈದೆತನ ಹೋಗಬೇಕು ಎಂದ ಹಾಗಾಯಿತು!

ಜಾರ್ಜಿನಾ ಬಿನ್ನಿ-ಕ್ಲಾರ್ಕ್ ಎಂಬ ಇಂಗ್ಲಿಷ್ ಮಹಿಳೆ ಇದನ್ನು ಒಪ್ಪಲಿಲ್ಲ. 1905ರಲ್ಲಿ ಅಲ್ಲಿಗೆ ಹೋದ ಆಕೆ ಸಸ್ಕಾಚೆವನ್ ಪ್ರಾಂತ್ಯದ ಫೋರ್ಟ್ ಕ್ಯುಪೆಲ್ ಎಂಬ ಕಡೆ 320 ಎಕರೆ ಜಮೀನನ್ನು ದುಡ್ಡು ಕೊಟ್ಟು ಕೊಂಡು, ತಾನೇ ನಿಂತು ಗೋಧಿ ಬೆಳೆದಳು. ಪಕ್ಕದ ಗಂಡಸಿಗೆ ಹತ್ತು ಡಾಲರಿಗೆ ಸಿಕ್ಕಿದ್ದು ತನಗೇಕೆ ಪೂರಾ ಬೆಲೆಗೆ ಎಂದು ಕೇಳಿದಳು. 1914ರಲ್ಲಿ ತನ್ನ ಬೇಸಾಯದ ಅನುಭವವನ್ನು ಪುಸ್ತಕವಾಗಿ ಬರೆದಳು. ಹೆಂಗಸರಿಗೂ ಭೂಮಿ ಕೊಡಿ ಎಂದು ಊರೂರಿನಲ್ಲಿ ವಾದಿಸಿದಳು. ಕೇಂದ್ರ ಸರ್ಕಾರ 1930ರಲ್ಲಿ ಆ ಭೂಮಿಯನ್ನೆಲ್ಲ ಪ್ರಾಂತ್ಯಗಳಿಗೆ ವಹಿಸಿಕೊಡುವವರೆಗೂ ಆ ಕಾನೂನು ಬದಲಾಗಲಿಲ್ಲ. ಆದರೂ ತನ್ನ ಊರನ್ನು ತಾನೇ ಆರಿಸಿ, ಬೆಲೆಯನ್ನೂ ತಾನೇ ತೆತ್ತ ಆ ಹೆಂಗಸನ್ನು ನೆನೆದರೆ ನನಗೆ ಗೌರವ ಬರುತ್ತದೆ.

ಇನ್ನು ನಮ್ಮವರ ಕಥೆ. 1903-04ರಿಂದ ಪಂಜಾಬಿನ ಗಂಡಸರು ಪಶ್ಚಿಮ ತೀರದ ಬ್ರಿಟಿಷ್ ಕೊಲಂಬಿಯಾಕ್ಕೆ ಹೋಗಿ ಮರದ ಮಿಲ್ಲುಗಳಲ್ಲಿ, ರೈಲುದಾರಿಯ ಕೆಲಸದಲ್ಲಿ ದುಡಿದರು. 1907ರಲ್ಲಿ ಆ ಪ್ರಾಂತ್ಯ ಅವರ ಮತದ ಹಕ್ಕನ್ನು ಕಿತ್ತುಕೊಂಡಿತು. 1908ರಲ್ಲಿ ಇನ್ನೊಂದು ನಿಯಮ ಬಂತು: ಹುಟ್ಟಿದ ದೇಶದಿಂದ ಎಲ್ಲೂ ನಿಲ್ಲದೆ ನೇರವಾಗಿ ಬಂದವರಿಗೆ ಮಾತ್ರ ಪ್ರವೇಶ. ಭಾರತದಿಂದ ಹಾಗೆ ನೇರವಾಗಿ ಹೋಗುವ ಹಡಗಿನ ವ್ಯವಸ್ಥೆಯೇ ಇರಲಿಲ್ಲ. 'ಬರಬೇಡ' ಎನ್ನದೆ ಬಾಗಿಲು ಹಾಕುವ ಜಾಣತನ ಅದು. 1914ರ ಮೇ 23ರಂದು ಗುರ್ದಿತ್ ಸಿಂಗ್ ಅವರ ಕೊಮಗಾಟ ಮಾರು ಹಡಗು 376 ಜನರನ್ನು ಹೊತ್ತು ವ್ಯಾಂಕೂವರ್ ತಲುಪಿತು. ಎರಡು ತಿಂಗಳು ದಡ ಕಾಣುತ್ತಿತ್ತು, ಇಳಿಯುವಂತಿರಲಿಲ್ಲ. ಬೆರಳೆಣಿಕೆಯವರನ್ನು ಬಿಟ್ಟು ಉಳಿದವರನ್ನು ಜುಲೈ 23ರಂದು ಹಿಂದಕ್ಕೆ ಅಟ್ಟಿದರು. ಕಲ್ಕತ್ತೆಯ ಬಳಿ ಬಜ್‌ಬಜ್‌ನಲ್ಲಿ ಇಳಿದಾಗ ಪೊಲೀಸರ ಗುಂಡಿಗೆ ಹಲವರು ಬಲಿಯಾದರು. ಕೆನಡಾದ ಪ್ರಧಾನಿ ಸಂಸತ್ತಿನಲ್ಲಿ ಇದಕ್ಕೆ ಕ್ಷಮೆ ಕೇಳಿದ್ದು 2016ರಲ್ಲಿ.

ಈ ಕಥೆ ನಮಗೆ ಅಷ್ಟಿಷ್ಟು ಗೊತ್ತು. ಗೊತ್ತಿಲ್ಲದ್ದು ಹೆಂಡತಿಯರ ಕಥೆ. ಅಲ್ಲಿ ನೆಲೆಸಿದ್ದ ಗಂಡಸರಿಗೆ ಊರಿನಿಂದ ಹೆಂಡತಿ ಮಕ್ಕಳನ್ನು ಕರೆಸಿಕೊಳ್ಳಲು ಅವಕಾಶವಿರಲಿಲ್ಲ. 1912ರಲ್ಲಿ ಭಾಗ್ ಸಿಂಗ್, ಬಲವಂತ್ ಸಿಂಗ್ ಎಂಬ ಮುಂದಾಳುಗಳು ಸಂಸಾರವನ್ನು ಕರೆತಂದಾಗ ಅವರನ್ನು ಹೊರಹಾಕಲು ಹೊರಟು, ಕೊನೆಗೆ ಹಕ್ಕೆಂದು ಅಲ್ಲ, ದಯೆಯೆಂದು ಇರಗೊಟ್ಟರು. ಹೆಂಡತಿ ಮಕ್ಕಳಿಗೆ ಅನುಮತಿ ಎಂದು ತೀರ್ಮಾನವಾದದ್ದು 1919ರಲ್ಲಿ. ಆಮೇಲೂ ಹೋದವರು ಕೆಲವರೇ. ಇತ್ತ ಪಂಜಾಬಿನ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಾಗದಕ್ಕಾಗಿ ಕಾದ ಹೆಂಗಸರ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

'ಆಯ್ಕೆ' ಎಂಬ ಮಾತನ್ನೇ ಕ್ರೂರ ಮಾಡಿದ ಪ್ರಸಂಗವೂ ಅಲ್ಲಿದೆ. ಎರಡನೆಯ ಮಹಾಯುದ್ಧದಲ್ಲಿ, 1942ರಲ್ಲಿ, ಪಶ್ಚಿಮ ತೀರದಲ್ಲಿದ್ದ ಸುಮಾರು 22,000 ಜಪಾನಿ ಮೂಲದವರನ್ನು ಮನೆಮಠ ಬಿಡಿಸಿ ಒಳನಾಡಿಗೆ ಸಾಗಿಸಿದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಕೆನಡಾದಲ್ಲೇ ಹುಟ್ಟಿದವರು. 1945ರಲ್ಲಿ ಅವರಿಗೆ ಹೇಳಿದರು: ರಾಕಿ ಪರ್ವತದಿಂದ ಪೂರ್ವಕ್ಕೆ ಹೋಗುತ್ತೀರೋ, ಜಪಾನಿಗೆ ಹೋಗುತ್ತೀರೋ, ಆರಿಸಿಕೊಳ್ಳಿ. ಬಿಟ್ಟುಬಂದ ಮನೆ ಆ ಪಟ್ಟಿಯಲ್ಲಿ ಇರಲಿಲ್ಲ. 1988ರಲ್ಲಿ ಸರ್ಕಾರ ಕ್ಷಮೆ ಕೇಳಿ ಪರಿಹಾರ ಕೊಟ್ಟಿತು.

ಬಾಗಿಲು ನಿಜವಾಗಿ ತೆರೆದದ್ದು 1960ರ ದಶಕದಲ್ಲಿ. 1967ರಲ್ಲಿ ಬಣ್ಣ, ಜನಾಂಗ ನೋಡದೆ ಅಂಕ ಕೊಡುವ ಪದ್ಧತಿ ಬಂತು. ಮೇಷ್ಟರಾದ ನನಗೆ ಇದನ್ನು ಓದಿ ನಗು ಬಂತು. ನೂರಕ್ಕೆ ಐವತ್ತು ಬಂದರೆ ಪಾಸು! ಓದಿಗೆ 20, ಇಂಗ್ಲಿಷ್ ಫ್ರೆಂಚ್ ಎರಡೂ ಸೇರಿ 10, ವಯಸ್ಸಿಗೆ 10. ನಮ್ಮ ಶಾಲೆಯ ಆಂತರಿಕ ಅಂಕದ ಹಾಗೆ, ಅಧಿಕಾರಿಯ ಮನಸ್ಸಿಗೆ ಬಂದಂತೆ ಕೊಡಲು 15. ಹೋಗುವ ಊರಿನಲ್ಲಿ ಕೆಲಸ ಸಿಗುವಂತಿದ್ದರೆ ಅದಕ್ಕೂ 5 ಅಂಕ. ನಮ್ಮ ಕನ್ನಡದ ಎಂಜಿನಿಯರುಗಳು, ಡಾಕ್ಟರುಗಳು ಟೊರಾಂಟೋ ಸುತ್ತಮುತ್ತ ನೆಲೆಸಿ ಸಂಘ ಕಟ್ಟಿಕೊಂಡು ರಾಜ್ಯೋತ್ಸವ ಮಾಡುವಂತಾದದ್ದು ಈ ತೆರೆದ ಬಾಗಿಲಿನಿಂದಲೇ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನ ಚಂದ್ರ ಆರ್ಯ ಅವರು 2015ರಲ್ಲಿ ಅಲ್ಲಿನ ಸಂಸತ್ತಿಗೆ ಆರಿಸಿಬಂದು, 2022ರಲ್ಲಿ ಆ ಸಭೆಯಲ್ಲಿ ಕನ್ನಡದಲ್ಲಿ ಮಾತಾಡಿದಾಗ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರೂ ಕೇಳಿ ಹಿಗ್ಗಿದ್ದೆವು.

ಆದರೆ ಅಂಕ ಹಾಕುತ್ತಿದ್ದದ್ದು ಅರ್ಜಿದಾರನಿಗೆ, ಸಾಮಾನ್ಯವಾಗಿ ಗಂಡನಿಗೆ. ಹೆಂಡತಿ ಬಿ.ಎ. ಬಿ.ಎಡ್. ಆಗಿರಲಿ, ಎಂ.ಎಸ್‌ಸಿ. ಆಗಿರಲಿ, ಕಾಗದದಲ್ಲಿ ಅವಳು 'ಅವಲಂಬಿತೆ'. ಸರ್ಕಾರಿ ಖರ್ಚಿನ ಭಾಷಾ ತರಗತಿಗಳೂ ಬಹುಕಾಲ ದುಡಿಮೆಗೆ ಹೋಗುವವರಿಗೇ ಮೀಸಲಾಗಿದ್ದು, ಮನೆಯಲ್ಲಿರುವಳೆಂದು ಬರೆಸಿಕೊಂಡವಳು ಹೊರಗುಳಿದಳು. ಎಲ್ಲ ಹೊಸಬರಿಗೂ ತೆರೆದ ತರಗತಿಗಳು 1992ರಲ್ಲಿ ಶುರುವಾದವು. ಊರು ಆರಿಸಿದವನು ಬಸ್ಸು ಹತ್ತಿ ಕೆಲಸಕ್ಕೆ ಹೋದ. ಆ ಊರಿನಲ್ಲಿ ಹಗಲೆಲ್ಲ ಬದುಕಬೇಕಾದವಳು ಕಿಟಕಿಯಿಂದ ಹಿಮ ನೋಡಿದಳು.

ಇಷ್ಟನ್ನೂ ಒಂದು ನೋಟ್ಸಿನಲ್ಲಿ ಬರೆದುಕೊಂಡು ಮತ್ತೆ ತಂಗಿಯ ಮನೆಗೆ ಹೋದೆ. ಈಗಿನ ನಿಯಮಗಳನ್ನು ಹುಡುಗಿಯೇ ಓದಿಟ್ಟುಕೊಂಡಿದ್ದಳು. 2024ರಲ್ಲಿ ಆ ಸರ್ಕಾರ ಓದಲು ಬರುವವರ ಸಂಖ್ಯೆಗೆ ಮಿತಿ ಹಾಕಿದೆ. ಜೀವನ ಖರ್ಚಿಗೆ ತೋರಿಸಬೇಕಾಗಿದ್ದ ಹಣವನ್ನು ಅದೇ ವರ್ಷ 10,000 ಡಾಲರಿನಿಂದ 20,635ಕ್ಕೆ ಏರಿಸಿತ್ತು, ಶುಲ್ಕ ಬೇರೆ. ಓದು ಮುಗಿದ ಮೇಲೆ ಕೆಲಸಕ್ಕೆ ಸಿಗುವ ಪರವಾನಗಿ ಈಗ ಎಲ್ಲ ಡಿಪ್ಲೊಮಾಗಳಿಗೂ ಇಲ್ಲ. ಅದಕ್ಕಿಂತ ಮುಖ್ಯವಾದ ಇನ್ನೊಂದು ವಿಷಯವನ್ನು ಏಜೆಂಟರು ಹೇಳಿಯೇ ಇರಲಿಲ್ಲ. ನರ್ಸ್, ಟೀಚರ್, ಡಾಕ್ಟರ್ ಇಂಥ ಕೆಲಸಕ್ಕೆ ಲೈಸೆನ್ಸ್ ಕೊಡುವುದು ದೇಶದ ಸರ್ಕಾರವಲ್ಲ, ಆಯಾ ಪ್ರಾಂತ್ಯದ ಸಂಸ್ಥೆ. ಯಾವ ಪ್ರಾಂತ್ಯ ಎಂದು ಗೊತ್ತಾಗದೆ ಹೆಜ್ಜೆ ಇಡುವಂತಿಲ್ಲ. ಕ್ವಿಬೆಕ್ ಆದರೆ ಫ್ರೆಂಚ್ ಬೇಕೇ ಬೇಕು. 1977ರ ಕಾನೂನಿನಂತೆ ಅಲ್ಲಿ ವಲಸೆ ಬಂದವರ ಮಕ್ಕಳು ಸರ್ಕಾರಿ ಹಣದ ಶಾಲೆಯಲ್ಲಿ ಓದುವುದೂ ಫ್ರೆಂಚಿನಲ್ಲೇ.

"ಹಾಗಾದರೆ ನರ್ಸ್ ಆದವಳು ಬಿಸಿನೆಸ್ ಓದುವುದು ಏಕೆ?" ಎಂದೆ. ಅವಳ ಅಪ್ಪ ಮೊದಲ ಸಲ ಮಗಳ ಮುಖ ನೋಡಿದರು. ಅವಳು ತಲೆ ತಗ್ಗಿಸಿಯೇ ಆದರೂ ಸ್ಪಷ್ಟವಾಗಿ ಹೇಳಿದಳು: "ಡಿಪ್ಲೊಮಾ ಬೇಡ ಅಪ್ಪಾಜಿ. ಇಲ್ಲಿಂದಲೇ ಲೈಸೆನ್ಸಿನ ಕಾಗದಪತ್ರ ಕಳಿಸುತ್ತೇನೆ, ಪರೀಕ್ಷೆ ಬರೆಯುತ್ತೇನೆ. ಸಸ್ಕಾಚೆವನ್ ಆಗಬಹುದು ಅಂತ ನೋಡಿದ್ದೇನೆ. ಬಾಡಿಗೆ ಟೊರಾಂಟೋಗಿಂತ ಕಡಿಮೆ. ಚಳಿ ಜಾಸ್ತಿ, ಗೊತ್ತು. ತಡವಾದರೆ ಆಗಲಿ, ಸೈಟು ಅಡವಿಡಬೇಡಿ."

ತಂಗಿ ಕಣ್ಣೊರೆಸಿಕೊಂಡಳು. "ಅಲ್ಲಿ ನಮ್ಮವರು ಯಾರಿದ್ದಾರೆ?" ಎಂದಳು. ಅದು ಸುಳ್ಳು ಪ್ರಶ್ನೆಯಲ್ಲ. ಉಕ್ರೇನಿನ ಆ ಹೆಂಗಸರೂ ಅದನ್ನೇ ಕೇಳಿದ್ದರು. ಹಾಗಾಗಿ ನಾನು ಅವಳನ್ನು ಗದರಲಿಲ್ಲ. "ಅಲ್ಲಿರುವ ಕನ್ನಡದವರನ್ನು ವಿಚಾರಿಸೋಣ. ಹೋಗುವ ಮುಂಚೆ ಒಂದು ಮನೆಯಾದರೂ ಗೊತ್ತಿರಲಿ" ಎಂದೆ. ಹುಡುಗಿ ಅದಕ್ಕೆ ಒಪ್ಪಿದಳು. ಏಜೆಂಟರಿಗೆ ಕೊಟ್ಟ ಮುಂಗಡ ವಾಪಸು ಬರಲಿಲ್ಲ, ಸೈಟು ಉಳಿಯಿತು.

ಬಸ್ಸಿನಲ್ಲಿ ಹಿಂದಿರುಗುವಾಗ ನನ್ನದೇ ನೆನಪು ಬಂತು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗೆ ಎನ್ನುವ ಗಾದೆ ಕೇಳುತ್ತಾ ಬೆಳೆದವರು ನಾವು. ನಮಗೆ ಊರು ಎಂದರೆ ಕೊಟ್ಟ ಊರು. ಹೊಸ ನೀರು, ಹೊಸ ಒಲೆ, ಸಾರಿಗೆ ಬೆಲ್ಲ ಹಾಕುವವರೋ ಇಲ್ಲವೋ ಎಂಬ ಭಯ. ಗಡಿ ದಾಟದೆಯೂ ನಾವೆಲ್ಲ ಒಂದು ಸಲ ವಲಸೆ ಹೋದವರೇ. ನನ್ನ ಮೊದಲ ಶಾಲೆಯನ್ನು ಇಲಾಖೆ ಆರಿಸಿತು, ಮನೆಯನ್ನು ಮಾವನವರು ಆರಿಸಿದರು, ಆಮೇಲಿನ ಊರುಗಳನ್ನು ಯಜಮಾನರ ವರ್ಗಾವಣೆ ಆರಿಸಿತು. ಸಿಕ್ಕ ಊರನ್ನು ನನ್ನದು ಮಾಡಿಕೊಂಡೆ, ಸುಖವಾಗಿಯೇ ಇದ್ದೇನೆ. ದೂರಲು ಇದನ್ನು ಹೇಳುತ್ತಿಲ್ಲ. ಆದರೆ ಯಾರೂ ಕೇಳಲಿಲ್ಲ ಎನ್ನುವುದೂ ನಿಜ.

ಮನೆಗೆ ಬಂದು ಎಲ್ಲವನ್ನೂ ಯಜಮಾನರಿಗೆ ಹೇಳಿದೆ. ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಿನ್ನ ರಿಟೈರ್‌ಮೆಂಟ್ ಆದ ಮೇಲೆ ಎಲ್ಲಿರೋಣ ಅಂತೀಯ?" ಎಂದರು.

ಉತ್ತರ ಹೊಳೆಯಲಿಲ್ಲ. "ಯೋಚನೆ ಮಾಡಿ ಹೇಳುತ್ತೇನೆ" ಎಂದೆ. ಅವಸರವೇನಿದೆ? ಮೊದಲ ಸಲ ಕೇಳಿದ ಪ್ರಶ್ನೆ.